ಪ್ರೋಟೀನಿನೊಳಗಿನ ನೆರೆಹೊರೆ

ಉಸಿರಾಟ, ಪಚನ, ಚಲನೆ ಮೊದಲಾಗಿ ಶರೀರದಲ್ಲಿ ನಡೆಯುವ ಬಹುತೇಕ ಎಲ್ಲ ವ್ಯಾಪಾರಗಳಿಗೂ ಪ್ರೋಟೀನುಗಳು ಆಧಾರವಾಗಿವೆ. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳು ಒಂದಕ್ಕೊಂದು ಕೊಂಡಿಗೂಡಿ ಆದ ಸರಪಣಿಯೇ ಪ್ರೋಟೀನೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಬಲ್ಲನು. ಕೊಂಡಿ ಬೀಳುವಾಗ ಒಂದು ನೀರಿನ ಅಣು ಹೊರಹೋಗುವುದರಿಂದ, ಸರಪಣಿಯಲ್ಲಿ ಉಳಿದ ಆಮ್ಲದ ಭಾಗವನ್ನು ‘ಶೇಷ’ವೆಂದು ಕರೆಯಬಹುದು. ಆದರೆ ಯಾವ ಶೇಷದ ಮುಂದೆ ಯಾವುದು ನಿಂತಿದೆ ಎಂಬುದನ್ನಷ್ಟೇ ಅರಿತರೆ ಪ್ರೋಟೀನಿನ ಕೆಲಸವನ್ನು ಅರಿತಂತಾಗಲಿಲ್ಲ. ನೂರೆಂಟು ಮಣಿಗಳ ರುದ್ರಾಕ್ಷಿಮಾಲೆಯನ್ನು ಮುಷ್ಟಿಯಲ್ಲಿ ಹಿಡಿದಾಗ ಐದನೆಯ ಮಣಿಯೂ ತೊಂಬತ್ತನೆಯ ಮಣಿಯೂ ಒಂದನ್ನೊಂದು ತಾಗಿ ಕುಳಿತಿರಬಹುದು. ದಾರದ ಮೇಲೆ ದೂರವಾದವು ಮುಷ್ಟಿಯೊಳಗೆ ನೆರೆಯವಾಗುತ್ತವೆ. ಮಾಲೆಯಾದರೋ ಪ್ರತಿಸಲವೂ ಬೇರೆ ಬೇರೆ ರೀತಿಯಲ್ಲಿ ಮುದುಡೀತು; ಪ್ರೋಟೀನಿನ ಸರಪಣಿ ಸಾಮಾನ್ಯವಾಗಿ ತನಗೆ ನಿಯತವಾದ ಒಂದೇ ಕ್ರಮದಲ್ಲಿ ಮಡಿಚಿಕೊಳ್ಳುತ್ತದೆ. ಆ ಮಡಿಕೆಯೊಳಗೆ ಯಾವ ಶೇಷ ಯಾವುದನ್ನು ಮುಟ್ಟಿದೆ, ಎಷ್ಟು ಬಿಗಿಯಾಗಿ ಮುಟ್ಟಿದೆ ಎಂಬ ವಿಚಾರಣೆ ಇಂದಿನ ಜೀವಭೌತ ವಿಜ್ಞಾನದ ಒಂದು ಮುಖ್ಯ ಶಾಖೆಯಾಗಿ ಬೆಳೆದಿದೆ.

ಇದಕ್ಕೆ ಬೇಕಾದ ಮೂಲ ಸಾಮಗ್ರಿಯೆಂದರೆ ಅಣುವಿನಲ್ಲಿರುವ ಪರಮಾಣುಗಳ ಸ್ಥಾನ. ಪ್ರೋಟೀನನ್ನು ಹರಳುಗಟ್ಟಿಸಿ, ಅದರ ಮೇಲೆ ಕ್ಷ-ಕಿರಣಗಳನ್ನು ಹಾಯಿಸಿ, ಚದರಿದ ಕಿರಣಗಳಿಂದ ಸ್ಥಾನಗಳನ್ನು ಗಣಿಸುವ ವಿಧಾನವನ್ನು ಕೇಂಬ್ರಿಜ್‌ನಲ್ಲಿ ಜಾನ್ ಕೆಂಡ್ರ್ಯೂ ಮತ್ತು ಮ್ಯಾಕ್ಸ್ ಪೆರುಟ್ಸ್ ಅವರು ಸಿದ್ಧಿಗೆ ತಂದರು. ಕೆಂಡ್ರ್ಯೂ ಅವರಿಗೆ ಮಯೋಗ್ಲೋಬಿನ್, ಪೆರುಟ್ಸ್ ಅವರಿಗೆ ಹೀಮೋಗ್ಲೋಬಿನ್ ಒಲಿಯಿತು. 1962ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಸಂದಿತು. 1971ರಲ್ಲಿ ಏಳು ರಚನೆಗಳೊಡನೆ ಆರಂಭವಾದ ಪ್ರೋಟೀನು ದತ್ತಾಂಶ ಭಂಡಾರದಲ್ಲಿ ಇಂದು ಎರಡು ಲಕ್ಷಕ್ಕೂ ಮಿಕ್ಕಿ ರಚನೆಗಳಿವೆ. ಪ್ರತಿಯೊಂದು ಪರಮಾಣುವಿಗೂ ಮೂರು ಅಂಕೆಗಳು ಅಲ್ಲಿ ದೊರೆಯುತ್ತವೆ. ಎರಡು ಪರಮಾಣುಗಳ ನಡುವಿನ ದೂರವನ್ನು ಕಾಣಲು ಬೇಕಾದುದು ಪೈಥಾಗೊರಸನ ಪ್ರಮೇಯವಷ್ಟೆ.

ಎಷ್ಟು ಹತ್ತಿರವಿದ್ದರೆ ‘ಸ್ಪರ್ಶ’ವೆನ್ನಬೇಕು? ತೊಡಕಿರುವುದು ಇಲ್ಲಿ. ಅಳತೆಯ ಮಾನ ಆಂಗ್‌ಸ್ಟ್ರಾಂ, ಅಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಭಾಗ. ಹೈಡ್ರೊಜನ್ ಬಂಧವಿದ್ದಲ್ಲಿ ಅದರ ಎರಡು ತುದಿಗಳ ಪರಮಾಣುಗಳು ಸುಮಾರು 3 ಆಂಗ್‌ಸ್ಟ್ರಾಂ ಅಂತರದಲ್ಲಿರುತ್ತವೆ. ಧನ ಮತ್ತು ಋಣ ವಿದ್ಯುದಂಶಗಳುಳ್ಳ ಶೇಷಗಳು 4 ಆಂಗ್‌ಸ್ಟ್ರಾಂ ಒಳಗೆ ಎದುರುಬದುರಾದರೆ ಅದನ್ನು ಲವಣ ಸೇತುವೆಯೆಂದು ಎಣಿಸುವರು. ನೀರನ್ನೊಲ್ಲದ ಶೇಷಗಳು ಅಣುವಿನ ಒಡಲಲ್ಲಿ ಒಂದಕ್ಕೊಂದು ಒತ್ತಿ ನಿಲ್ಲುವುದು ಮೂರನೆಯ ಬಗೆ. ಇಷ್ಟು ಸೂಕ್ಷ್ಮಕ್ಕೆ ಹೋಗದೆ, ಪ್ರತಿ ಶೇಷದಿಂದ ಒಂದೊಂದು ಕಾರ್ಬನ್ ಪರಮಾಣುವನ್ನು ಪ್ರತಿನಿಧಿಯಾಗಿ ಆರಿಸಿ, ಅವುಗಳ ಅಂತರ 8 ಆಂಗ್‌ಸ್ಟ್ರಾಂಗಿಂತ ಕಡಿಮೆಯಿದ್ದರೆ ಸ್ಪರ್ಶವೆಂದು ಗಣಿಸುವುದೂ ಉಂಟು. ಈ ಎಂಟು ಎಂಬ ಅಂಕೆ ನಿಸರ್ಗ ಕೊಟ್ಟುದಲ್ಲ, ಸಂಶೋಧಕನು ಇಟ್ಟುಕೊಂಡುದು. ಅದನ್ನು ಏಳಕ್ಕಿಳಿಸಿದರೆ ಕೆಲವು ನೆರೆಗಳು ಅಳಿಯುತ್ತವೆ, ಹತ್ತಕ್ಕೇರಿಸಿದರೆ ಹೊಸವು ಹುಟ್ಟುತ್ತವೆ. ಆದಕಾರಣ ಯಾವ ಮಾನದಿಂದ ಅಳೆಯಲಾಯಿತೆಂಬುದನ್ನು ಹೇಳದ ಸ್ಪರ್ಶದ ಪಟ್ಟಿಗೆ ಬೆಲೆಯಿಲ್ಲ.

ಹೀಮೋಗ್ಲೋಬಿನ್ನಿನ ಬೀಟಾ ಸರಪಣಿಯಲ್ಲಿ 146 ಶೇಷಗಳಿವೆ. ಎರಡೆರಡನ್ನು ಜೋಡಿಸುತ್ತ ಹೋದರೆ 10,585 ಜೋಡಿಗಳಾಗುತ್ತವೆ. ನಿಜವಾಗಿ ತಾಗಿರುವುವು ಕೆಲವು ನೂರು ಮಾತ್ರ. ಗ್ರಾಫ್ ಹಾಳೆಯ ಎರಡು ಅಂಚುಗಳಲ್ಲೂ ಒಂದರಿಂದ 146ರವರೆಗೆ ಅಂಕೆಗಳನ್ನು ಬರೆದು, ತಾಗಿರುವ ಜೋಡಿಗಳ ಚೌಕಗಳಿಗೆ ಮಸಿ ಹಚ್ಚಿದರೆ ಸ್ಪರ್ಶ ನಕ್ಷೆ ಸಿದ್ಧವಾಗುತ್ತದೆ. ಸುರುಳಿಯಾಗಿ ಸುತ್ತಿದ ಭಾಗಗಳು ಕರ್ಣಕ್ಕಂಟಿದ ದಪ್ಪ ಪಟ್ಟಿಯಾಗಿ ತೋರುವುವು, ಏಕೆಂದರೆ ಸುರುಳಿಯಲ್ಲಿ ಪ್ರತಿ ಶೇಷವೂ ತನ್ನಿಂದ ನಾಲ್ಕನೆಯದಕ್ಕೆ ನೆರೆ. ಕರ್ಣದಿಂದ ದೂರ ಚದರಿದ ಚುಕ್ಕೆಗಳೇ ಹೆಚ್ಚು ಬೆಲೆಯುಳ್ಳವು; ಸರಪಣಿ ಎಲ್ಲಿ ಮಡಿಚಿ ಎಲ್ಲಿಗೆ ಬಂದಿತೆಂಬುದನ್ನು ಅವು ಹೇಳುತ್ತವೆ. ಶಾಲೆಯ ಗಣಿತ ಶಿಕ್ಷಕರೂ ವಿಜ್ಞಾನ ಶಿಕ್ಷಕರೂ ಕೂಡಿ ಮಾಡಿಸಬಹುದಾದ ಒಳ್ಳೆಯ ಅಭ್ಯಾಸವಿದು.

ಈ ಶಾಸ್ತ್ರದಲ್ಲಿ ಕನ್ನಡ ನಾಡಿನ ಪಾಲೂ ಇದೆ. ಜಿ. ಎನ್. ರಾಮಚಂದ್ರನ್ ಅವರು ಮದರಾಸಿನಲ್ಲಿದ್ದಾಗ ರಾಮಕೃಷ್ಣನ್, ಶಶಿಶೇಖರನ್ ಅವರೊಡನೆ 1963ರಲ್ಲಿ ಪ್ರಕಟಿಸಿದ ಪ್ರಖ್ಯಾತ ನಕ್ಷೆಯ ತಳಹದಿ, ಪರಮಾಣುಗಳು ಒಂದಕ್ಕೊಂದು ಎಷ್ಟು ಸಮೀಪ ಬರಬಲ್ಲವು ಎಂಬ ಎಣಿಕೆಯೇ ಆಗಿತ್ತು. ಬಳಿಕ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣುಜೀವಭೌತ ವಿಭಾಗವನ್ನು ಕಟ್ಟಿದರು. ಅದೇ ವಿಭಾಗದಲ್ಲಿ ಸರಸ್ವತಿ ವಿಶ್ವೇಶ್ವರ ಅವರು ಶೇಷಗಳನ್ನು ಬಿಂದುಗಳೆಂದೂ ಸ್ಪರ್ಶಗಳನ್ನು ಗೆರೆಗಳೆಂದೂ ಭಾವಿಸಿ, ಇಡೀ ಪ್ರೋಟೀನನ್ನೇ ಒಂದು ಜಾಲವಾಗಿ ಪರಿಶೀಲಿಸಿದರು.

ಒಂದೇ ಒಂದು ಸ್ಪರ್ಶ ಮನುಷ್ಯನಿಗೆ ಏನು ಮಾಡಬಲ್ಲುದೆಂಬುದಕ್ಕೆ ಕುಡುಗೋಲು ರಕ್ತಕಣ ರೋಗಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಕ್ಕದು. ಈ ರೋಗಿಗಳ ಹೀಮೋಗ್ಲೋಬಿನ್ನು ಇತರರದಕ್ಕಿಂತ ಭಿನ್ನವೆಂದು 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಹೋದ್ಯೋಗಿಗಳು ತೋರಿಸಿದರು. ಬೀಟಾ ಸರಪಣಿಯ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲಕ್ಕೆ ಬದಲಾಗಿ ವ್ಯಾಲೀನ್ ಇರುವುದೇ ಆ ಭೇದವೆಂದು ಕೆಲವು ವರ್ಷಗಳ ತರುವಾಯ ವರ್ನನ್ ಇಂಗ್ರಾಂ ಕಂಡುಹಿಡಿದರು. ಗ್ಲುಟಾಮಿಕ್ ಆಮ್ಲ ಋಣ ವಿದ್ಯುದಂಶವುಳ್ಳದ್ದು, ನೀರಿನೊಡನೆ ಹೊಂದಿಕೊಳ್ಳುವಂಥದು, ವ್ಯಾಲೀನ್ ನೀರನ್ನೊಲ್ಲದು. ಆರನೆಯ ಸ್ಥಾನವಾದರೋ ಅಣುವಿನ ಹೊರಮೈಯಲ್ಲಿದೆ. ಆಮ್ಲಜನಕವನ್ನು ಬಿಟ್ಟುಕೊಟ್ಟ ಹೀಮೋಗ್ಲೋಬಿನ್ನಿನ ಮೈಮೇಲೆ, 85ನೆಯ ಫೀನೈಲ್ ಅಲನೀನ್ ಮತ್ತು 88ನೆಯ ಲ್ಯೂಸೀನ್‌ಗಳ ನಡುವೆ, ನೀರನ್ನೊಲ್ಲದ ಒಂದು ಚಿಕ್ಕ ಗುಳಿ ಇರುತ್ತದೆ. ಈ ಗುಳಿ ನಿರೋಗಿಯಲ್ಲಿಯೂ ಉಂಟು. ಅದರಲ್ಲಿ ಕೂರುವಂಥದು ಇಲ್ಲದಿರುವುದರಿಂದ ಬಾಧೆಯಿಲ್ಲ. ರೋಗಿಯಲ್ಲಿ ಒಂದು ಅಣುವಿನ ವ್ಯಾಲೀನ್ ಪಕ್ಕದ ಅಣುವಿನ ಗುಳಿಗೆ ನಾಟಿಕೊಳ್ಳುತ್ತದೆ. ಅಣುವಿಗೆ ಅಣು ಸೇರಿ ಎಳೆಯಾಗಿ, ಹದಿನಾಲ್ಕು ಎಳೆಗಳು ಹೊಸೆದು ಹುರಿಯಾಗಿ, ದುಂಡಗಿರುವ ಕೆಂಪು ರಕ್ತಕಣವನ್ನು ಕುಡುಗೋಲಿನಂತೆ ಬಾಗಿಸುತ್ತವೆ. ಅಂಥ ಕಣಗಳು ಕಿರಿಯ ರಕ್ತನಾಳಗಳನ್ನು ಕಟ್ಟಿ ಅಸಹನೀಯ ನೋವನ್ನುಂಟುಮಾಡುತ್ತವೆ, ಬೇಗನೆ ಒಡೆದು ರಕ್ತಹೀನತೆಯನ್ನೂ ತರುತ್ತವೆ.

ಹರಳಿನಲ್ಲಿ ಕಂಡ ಸ್ಪರ್ಶಗಳೆಲ್ಲವೂ ದೇಹದಲ್ಲಿಯೂ ಇದ್ದೇ ಇರುವುವೆಂದು ನಂಬುವಂತಿಲ್ಲ. ಅಣುಗಳನ್ನು ಹರಳಿನಲ್ಲಿ ಒತ್ತಾಗಿ ಪೇರಿಸಿದಾಗ ಕೇವಲ ಇಕ್ಕಟ್ಟಿನಿಂದಲೇ ಕೆಲವು ಒಂದನ್ನೊಂದು ಮುಟ್ಟುತ್ತವೆ. ಅಮೆರಿಕದ ವಾರ್ನರ್ ಲವ್ ಅವರ ತಂಡ 1975ರಲ್ಲಿ ಸ್ಥೂಲವಾಗಿಯೂ 1985ರಲ್ಲಿ ಇನ್ನಷ್ಟು ವಿವರವಾಗಿಯೂ ಈ ಹೀಮೋಗ್ಲೋಬಿನ್ನಿನ ಹರಳನ್ನು ಪರಿಶೀಲಿಸಿ, ಜೋಡಿ ಎಳೆಗಳ ನಡುವಣ ಈ ಸ್ಪರ್ಶವನ್ನು ಕಂಡಿತು. ಅದು ದಿಟವೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿತ್ತು. ಇತರ ಸ್ಥಾನಗಳಲ್ಲಿ ಶೇಷ ಬದಲಾದ ಅಪರೂಪದ ಹೀಮೋಗ್ಲೋಬಿನ್ನುಗಳನ್ನು ಇದರೊಡನೆ ಬೆರೆಸಿ, ಹುರಿಗಟ್ಟುವುದು ಸುಲಭವಾಯಿತೋ ಕಷ್ಟವಾಯಿತೋ ಎಂದು ನೋಡುತ್ತ ಬಂದಾಗ ಹರಳು ಹೇಳಿದ ಮಾತು ಬಹುಮಟ್ಟಿಗೆ ನಿಂತಿತು. ಪ್ರತಿ ಅಣುವಿನಲ್ಲಿ ಇಂಥ ವ್ಯಾಲೀನ್ ಎರಡಿದ್ದರೂ ಈ ಸ್ಪರ್ಶದಲ್ಲಿ ತೊಡಗುವುದು ಒಂದೇ ಎಂಬುದು ಕುತೂಹಲದ ಸಂಗತಿ. ಅದೇ ಆರನೆಯ ಸ್ಥಾನದಲ್ಲಿ ಲೈಸೀನ್ ಬಂದರೆ ಈ ಬಗೆಯ ಹುರಿ ಹುಟ್ಟುವುದಿಲ್ಲ. ಸ್ಥಾನವೊಂದೇ ಸಾಲದು, ಕೂರುವ ಶೇಷದ ಗುಣವೂ ಬೇಕು.

ಗರ್ಭದಲ್ಲಿನ ಶಿಶುವಿಗೆ ಬೀಟಾ ಸರಪಣಿಯ ಬದಲು ಗಾಮಾ ಸರಪಣಿಯುಳ್ಳ ಹೀಮೋಗ್ಲೋಬಿನ್ನಿದ್ದು, ಅದು ಹುರಿಯಲ್ಲಿ ಸೇರಲೊಲ್ಲದು. ಜನನಾನಂತರ ಮೊದಲ ಕೆಲವು ತಿಂಗಳು ಮಗುವಿನಲ್ಲಿ ರೋಗಲಕ್ಷಣ ತೋರದಿರಲು ಇದೇ ಕಾರಣ. ಹೈಡ್ರಾಕ್ಸಿಯೂರಿಯಾ ಎಂಬ ಔಷಧಿಯೂ ಮುಖ್ಯವಾಗಿ ಈ ಶಿಶುಸಹಜ ಹೀಮೋಗ್ಲೋಬಿನ್ನನ್ನು ಹೆಚ್ಚಿಸಿ ಉಪಕರಿಸುತ್ತದೆ.

ಭಾರತದಲ್ಲಿ ಈ ಲಕ್ಷಣವನ್ನು 1952ರಲ್ಲಿ ಲೇಮನ್ ಮತ್ತು ಕಟ್‌ಬುಷ್ ಅವರು ನೀಲಗಿರಿಯ ಗಿರಿಜನರಲ್ಲಿ ಗುರುತಿಸಿದರು. ಅದಕ್ಕೆ ಹೊಂದಿದ ನಮ್ಮ ಮೈಸೂರು, ಚಾಮರಾಜನಗರ ಜಿಲ್ಲೆಗಳ ಕಾಡಂಚಿನ ಹಾಡಿಗಳಲ್ಲಿಯೂ ಅದು ಉಂಟು. 2023ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಕುಡುಗೋಲು ಕಣ ರೋಗ ನಿರ್ಮೂಲನ ಕಾರ್ಯಕ್ರಮದಲ್ಲಿ ಕರ್ನಾಟಕವೂ ಸೇರಿದೆ. ಇಂಥ ತಪಾಸಣೆಗಳಲ್ಲಿ ಬಳಸುವ ಒಂದು ಸರಳ ಪರೀಕ್ಷೆಯಲ್ಲಿ, ಸೋಡಿಯಂ ಡೈಥಯೊನೈಟ್ ಬೆರೆತ ದ್ರಾವಣಕ್ಕೆ ಸ್ವಲ್ಪ ರಕ್ತವನ್ನು ಹಾಕುತ್ತಾರೆ. ಆ ರಾಸಾಯನಿಕ ಆಮ್ಲಜನಕವನ್ನು ಕಸಿದುಕೊಂಡೊಡನೆ ವ್ಯಾಲೀನ್ ಗುಳಿಯನ್ನು ಹುಡುಕಿಕೊಳ್ಳುತ್ತದೆ, ದ್ರಾವಣ ಕದಡುತ್ತದೆ, ನಳಿಕೆಯ ಹಿಂದೆ ಹಿಡಿದ ಕಾಗದದ ಗೆರೆಗಳು ಕಾಣದಾಗುತ್ತವೆ. ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ದೋಷ ಪಡೆದ ವಾಹಕರ ರಕ್ತವೂ ಹೀಗೆಯೇ ಕದಡುವುದರಿಂದ, ರೋಗಿ ಯಾರು ವಾಹಕ ಯಾರೆಂದು ನಿರ್ಣಯಿಸಲು ಹೀಮೋಗ್ಲೋಬಿನ್ನುಗಳನ್ನು ಬೇರ್ಪಡಿಸಿ ನೋಡುವ ಎರಡನೆಯ ಪರೀಕ್ಷೆ ಅವಶ್ಯ. ಎಳೆಯ ಕೂಸುಗಳಲ್ಲಿ ಗಾಮಾ ಸರಪಣಿಯ ಅಂಶ ಹೆಚ್ಚಿರುವುದರಿಂದ ದೋಷವಿದ್ದರೂ ದ್ರಾವಣ ತಿಳಿಯಾಗಿಯೇ ಉಳಿಯಬಹುದು. ಆರು ತಿಂಗಳು ತುಂಬದ ಮಕ್ಕಳ ವಿಷಯದಲ್ಲಿ ಈ ಪರೀಕ್ಷೆಯನ್ನು ನೆಚ್ಚುವುದಿಲ್ಲ.