ಸೈರನ್ ಕೂಗುತ್ತಲೇ ಇದ್ದರೆ

ಕಳ್ಳ ಬಂದಿಲ್ಲ, ಬಾಗಿಲು ತೆರೆದಿಲ್ಲ, ಆದರೂ ಮನೆಯ ಅಲಾರಂ ಸೈರನ್ ಕೂಗುತ್ತಿದೆ. ಕೋಡ್ ಒತ್ತಿದರೂ ನಿಲ್ಲುತ್ತಿಲ್ಲ. ಇಂಥ ಹೊತ್ತಿನಲ್ಲಿ ಎಲ್ಲರ ಸಿಟ್ಟೂ ಗೋಡೆಯ ಮೇಲಿನ ಆ ಪೆಟ್ಟಿಗೆಯ ಮೇಲೆ. ಸೈರನ್ನೇ ಕೆಟ್ಟಿದೆ ಎಂದು ಹೊಸದನ್ನು ತಂದು ಹಾಕಿಸುವವರಿದ್ದಾರೆ. ಮೂಲ ದೋಷ ಇದ್ದಲ್ಲೇ ಇರುವುದರಿಂದ ಹೊಸದೂ ಅದೇ ರಾಗ ಹಿಡಿಯುತ್ತದೆ. ನಿಲ್ಲದೆ ಕೂಗುವ ಸೈರನ್ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ, ಕೆಟ್ಟಿರುವುದು ಅದನ್ನು ಸುಮ್ಮನಿರಿಸಬೇಕಾದ ಬ್ಯಾಟರಿ, ವಯರಿನ ಜೋಡಣೆ ಅಥವಾ ಬಾಗಿಲ ಸ್ವಿಚ್ಚು ಎಂಬುದೇ ಈ ಅಧ್ಯಾಯದ ವಾದ. ಮುಂಬಯಿಯ ಸಯನ್‌ನಂಥ ಜಾಗದಲ್ಲಿ ಈ ಮೂರೂ ಹಾಳಾಗಲು ಬೇಕಾದಷ್ಟು ಕಾರಣಗಳಿವೆ.

ಇದೇಕೆಂದು ತಿಳಿಯಲು ಕರೆಗಂಟೆಯಿಂದ ಶುರುಮಾಡೋಣ. ಬಾಗಿಲ ಕರೆಗಂಟೆಯ ಗುಂಡಿ ಒತ್ತಿದರೆ ವಿದ್ಯುತ್ತಿನ ದಾರಿ ಕೂಡಿಕೊಂಡು ಗಂಟೆ ಬಾರಿಸುತ್ತದೆ. ಅಮೆರಿಕದ ಆಗಸ್ಟಸ್ ರಸೆಲ್ ಪೋಪ್ 1853ರಲ್ಲಿ ಪೇಟೆಂಟ್ ಪಡೆದ ಅಲಾರಂ ಕೂಡ ಇದೇ ಬಗೆಯದು. ಬಾಗಿಲೋ ಕಿಟಕಿಯೋ ತೆರೆದರೆ ದಾರಿ ಕೂಡಿ ಗಂಟೆ ಹೊಡೆಯುತ್ತಿತ್ತು. ಅದರಲ್ಲೊಂದು ದೊಡ್ಡ ಕೊರತೆ. ಕಳ್ಳ ವಯರನ್ನು ಕತ್ತರಿಸಿಬಿಟ್ಟರೆ ಗಂಟೆ ಸುಮ್ಮನಿರುತ್ತದೆ, ಇಲಿ ಕಡಿದರೂ ಸುಮ್ಮನಿರುತ್ತದೆ, ಮನೆಯವರಿಗೆ ಏನೂ ತಿಳಿಯುವುದಿಲ್ಲ. ಇಂದಿನ ಅಲಾರಂಗಳು ಇದನ್ನು ತಿರುವುಮುರುವು ಮಾಡಿವೆ. ಬಾಗಿಲ ದಾರಂದದಲ್ಲಿ ಗಾಜಿನ ನಳಿಗೆಯೊಳಗೆ ಎರಡು ತೆಳು ಲೋಹದ ನಾಲಗೆಗಳಿರುವ ರೀಡ್ ಸ್ವಿಚ್ ಕೂತಿರುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1936ರಲ್ಲಿ ಹುಟ್ಟಿದ ಸಾಧನ ಇದು. ಬಾಗಿಲಿನಲ್ಲಿರುವ ಅಯಸ್ಕಾಂತ ಹತ್ತಿರವಿರುವಷ್ಟು ಹೊತ್ತು ನಾಲಗೆಗಳು ಕೂಡಿರುತ್ತವೆ, ಸಣ್ಣದೊಂದು ವಿದ್ಯುತ್ ಹರಿವು ಅಲಾರಂ ನಡೆಸುವ ಪ್ಯಾನೆಲ್‌ಗೆ ಮರಳುತ್ತಿರುತ್ತದೆ. ಅದು ನಿಂತರೆ ಎಚ್ಚರಿಕೆ. ಹೊರಗೋಡೆಯ ಒಳ್ಳೆಯ ಸೈರನ್‌ಗಳು ಇನ್ನೂ ಒಂದು ಹೆಜ್ಜೆ ಮುಂದೆ. ಅವುಗಳ ಹೊಟ್ಟೆಯಲ್ಲಿ ಸ್ವಂತ ಬ್ಯಾಟರಿ ಇರುತ್ತದೆ. ಪ್ಯಾನೆಲ್‌ನಿಂದ ವೋಲ್ಟೇಜು ಬರುತ್ತಿರುವವರೆಗೆ ಮಾತ್ರ ಅವು ಮೌನ; ಬರುವುದು ನಿಂತರೆ ಯಾರೋ ವಯರ್ ಕತ್ತರಿಸಿದ್ದಾರೆಂದು ತಿಳಿದು ತಾವಾಗಿಯೇ ಕೂಗುತ್ತವೆ. ಆದ್ದರಿಂದ ಸಿಟ್ಟಿನಲ್ಲಿ ಮೇನ್ ಸ್ವಿಚ್ ಆರಿಸಿ, ವಯರ್ ಕಿತ್ತೊಗೆದರೂ ಈ ಬಗೆಯ ಸೈರನ್ ಬಾಯಿ ಮುಚ್ಚುವುದಿಲ್ಲ.

ಈಗ ಸಯನ್‌ಗೆ ಬರೋಣ. ಒಂದು ಕಡೆ ಮಾಹಿಮ್ ಖಾಡಿ, ಇನ್ನೊಂದು ಕಡೆ ವಡಾಲದ ಉಪ್ಪಿನ ಗದ್ದೆಗಳು. ಉಪ್ಪು ಬೆರೆತ ಗಾಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ತೇವ. ಬರಿಗೈಯಿಂದ ತಿರುಚಿ ಟೇಪ್ ಸುತ್ತಿದ ತಾಮ್ರದ ಜೋಡಣೆ ಇಂಥ ಗಾಳಿಯಲ್ಲಿ ಕೆಲವೇ ಮಳೆಗಾಲಗಳಲ್ಲಿ ಕಿಲುಬು ಹಿಡಿಯುತ್ತದೆ. ಕಿಲುಬು ವಿದ್ಯುತ್ತಿಗೆ ತಡೆ. ತಡೆ ಹೆಚ್ಚಾದಾಗ ಪ್ಯಾನೆಲ್‌ಗೆ ಬಾಗಿಲು ತೆರೆದಂತೆಯೇ ಕಾಣುತ್ತದೆ. ಹಳೆಯ ಕಟ್ಟಡಗಳ ಮರದ ಬಾಗಿಲುಗಳು ಮಳೆಗಾಲದಲ್ಲಿ ಉಬ್ಬಿ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಅಯಸ್ಕಾಂತಕ್ಕೂ ಸ್ವಿಚ್ಚಿಗೂ ನಡುವೆ ಕೆಲವು ಮಿಲಿಮೀಟರ್ ಅಂತರ ಬೆಳೆದರೂ ಸಾಕು, ಗಾಳಿಗೆ ಬಾಗಿಲು ಅಲುಗಿದಾಗ ಸೈರನ್ ಕೂಗುತ್ತದೆ. ಸೈರನ್ ಪೆಟ್ಟಿಗೆಯೊಳಗೆ ಮಳೆನೀರು ಇಳಿದರೆ, ಮುಚ್ಚಳ ತೆರೆದದ್ದನ್ನು ತಿಳಿಸುವ ಟ್ಯಾಂಪರ್ ಸ್ವಿಚ್ ಕೂಡ ಸುಳ್ಳು ಹೇಳತೊಡಗುತ್ತದೆ. ಕೋಣೆಯ ಚಲನೆ ಗುರುತಿಸುವ ಸೆನ್ಸರ್ ಮೈಶಾಖದ ಅವಗೆಂಪು ಕಿರಣಗಳನ್ನು ನೋಡುವಂಥದ್ದು. ಅದರ ಮುಖದ ಮೇಲೆಯೇ ಹಲ್ಲಿ ಓಡಾಡಿದರೆ ಅದಕ್ಕದು ಮನುಷ್ಯನಷ್ಟು ದೊಡ್ಡದು.

ಇವೆಲ್ಲಕ್ಕಿಂತ ಕಡೆಗಣನೆಗೊಳಗಾಗುವುದು ಪ್ಯಾನೆಲ್‌ನೊಳಗಿನ 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿ. ಅದರ ಆಯುಸ್ಸು ಸಾಮಾನ್ಯವಾಗಿ 3ರಿಂದ 5 ವರ್ಷ. ಸೆಕೆ ಹೆಚ್ಚಾದಷ್ಟೂ ಕಡಿಮೆ. ಮುಂಬಯಿಯ ವಿಶೇಷವೆಂದರೆ ಇಲ್ಲಿ ಕರೆಂಟು ಹೋಗುವುದು ಅಪರೂಪ. ಕರ್ನಾಟಕದ ಹಳ್ಳಿಯಲ್ಲಾದರೆ ಸೊರಗಿದ ಬ್ಯಾಟರಿ ವಾರದೊಳಗೆ ಸಿಕ್ಕಿಬೀಳುತ್ತದೆ. ಬೆಸ್ಟ್ ಸಂಸ್ಥೆ ವಿದ್ಯುತ್ ಪೂರೈಸುವ ಸಯನ್‌ನಲ್ಲಿ ಅದು ವರ್ಷಗಟ್ಟಲೆ ಪರೀಕ್ಷೆಯೇ ಇಲ್ಲದೆ ಕೂತಿರಬಹುದು. 2020ರ ಅಕ್ಟೋಬರ್ 12ರಂದು ಗ್ರಿಡ್ ಕೈಕೊಟ್ಟು ಬೆಳಿಗ್ಗೆ ನಗರಕ್ಕೆ ನಗರವೇ ಕತ್ತಲಾಗಿತ್ತು. ಅಂಥ ದಿನ ಮುದಿ ಬ್ಯಾಟರಿ ನಿಮಿಷಗಳಲ್ಲಿ ಕುಸಿಯುತ್ತದೆ, ಪ್ಯಾನೆಲ್‌ನ ವೋಲ್ಟೇಜು ಇಳಿಯುತ್ತದೆ, ಸೈರನ್ ಅದನ್ನು ಕಳ್ಳನ ಕೈವಾಡವೆಂದೇ ತಿಳಿಯುತ್ತದೆ. ನಂಬಿಕಸ್ತ ಕರೆಂಟೇ ಬ್ಯಾಟರಿಯ ರೋಗವನ್ನು ಮುಚ್ಚಿಡುತ್ತದೆ.

ಆದ್ದರಿಂದ ದೋಷ ಹುಡುಕುವುದು ಸೈರನ್‌ನಿಂದಲ್ಲ, ಕೀಪ್ಯಾಡ್‌ನಿಂದ ಶುರುವಾಗಬೇಕು. ಯಾವ ಝೋನ್, ಅಂದರೆ ಸ್ವಿಚ್ಚು ಸೆನ್ಸರ್‌ಗಳ ಯಾವ ವಯರಿನ ಸಾಲು, ಎಚ್ಚರಿಕೆ ಕೊಟ್ಟಿತೆಂದು ಪ್ಯಾನೆಲ್ ನೆನಪಿಟ್ಟಿರುತ್ತದೆ. ಝೋನ್ ಗೊತ್ತಾದರೆ ಆ ವಯರನ್ನು ಟರ್ಮಿನಲ್‌ನಿಂದ ಬಿಡಿಸಿ, ಸಾಲಿನ ತುದಿಯಲ್ಲಿ ಕೂಡಿಸಿರುವ ರೆಸಿಸ್ಟರಿನಷ್ಟೇ ಓಮ್‌ನ ಇನ್ನೊಂದು ರೆಸಿಸ್ಟರನ್ನು ಅಲ್ಲಿಗೇ ಹಾಕಿ ನೋಡಬೇಕು. ಪ್ಯಾನೆಲ್ ಸುಮ್ಮನಾದರೆ ದೋಷ ವಯರಿನಲ್ಲೋ ಸ್ವಿಚ್ಚಿನಲ್ಲೋ ಇದೆ. ಆಗ ಸಾಲಿನ ನಡುವಿನ ಜೋಡಣೆಯಲ್ಲಿ ಮಲ್ಟಿಮೀಟರ್ ಇಟ್ಟು ಯಾವ ಅರ್ಧ ಕೆಟ್ಟಿದೆಯೆಂದು ಕಂಡುಕೊಂಡು, ಆ ಅರ್ಧವನ್ನು ಮತ್ತೆ ಅರ್ಧ ಮಾಡುತ್ತ ಹೋದರಾಯಿತು. ಯಾವ ಝೋನೂ ತೋರದೆ ಸೈರನ್ ಮಾತ್ರ ಕೂಗುತ್ತಿದ್ದರೆ ಗುಮಾನಿ ಬ್ಯಾಟರಿಯ ಮೇಲೆ, ಸೈರನ್ನಿಗೆ ಹೋಗುವ ವಯರಿನ ಮೇಲೆ, ಇಲ್ಲವೇ ಟ್ಯಾಂಪರ್ ಸ್ವಿಚ್ಚಿನ ಮೇಲೆ. ಪೂರ್ತಿ ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.7 ವೋಲ್ಟ್ ತೋರಿಸಬೇಕು. ಆ ಅಂಕಿಯೊಂದನ್ನೇ ನಂಬುವಂತಿಲ್ಲ. ಕರೆಂಟು ತೆಗೆದು ಪ್ಯಾನೆಲ್ಲನ್ನು ಬ್ಯಾಟರಿಯ ಮೇಲೆ ಓಡಿಸಿದಾಗ ಬೇಗನೆ 11ರ ಕೆಳಗೆ ಜಾರಿದರೆ ಅದನ್ನು ಬದಲಿಸಲೇಬೇಕು. ಪ್ಯಾನೆಲ್‌ನ ಒಳಗೆ 230 ವೋಲ್ಟ್ ಬರುತ್ತದೆ. ಮೇನ್ ಆರಿಸದೆ, ಕೆಲಸ ತಿಳಿದವರಿಲ್ಲದೆ ಮುಚ್ಚಳ ತೆಗೆಯಬಾರದು. ಮನೆಯವರು ಝೋನ್ ಗುರುತಿಸಿ, ಬಾಗಿಲು ಸರಿಯಾಗಿ ಕೂತಿದೆಯೇ ಎಂದು ನೋಡಿ, ಬ್ಯಾಟರಿ ಹಾಕಿದ ತಾರೀಕು ಹೇಳಿದರೂ ಮೆಕ್ಯಾನಿಕ್‌ನ ಅರ್ಧ ಕೆಲಸ ಮುಗಿದಂತೆ.

ಇಷ್ಟೆಲ್ಲ ಏಕೆ, ಸೈರನ್ನನ್ನೇ ತೆಗೆದು ಮೊಬೈಲಿಗೆ ಸಂದೇಶ ಬರುವಂತೆ ಮಾಡಿದರಾಗದೇ ಎಂದು ಕೇಳಬಹುದು. ಮನೆಯವರು ಊರಿನಲ್ಲಿರುವಾಗ ಮೊಬೈಲಿಗೆ ಬಂದ ಸಂದೇಶ ಅವರನ್ನು ಎಚ್ಚರಿಸುತ್ತದೆ. ಕಳ್ಳನನ್ನು ಬೆದರಿಸುವುದು, ವಾಚ್‌ಮನ್‌ನನ್ನು ಮೆಟ್ಟಿಲು ಹತ್ತಿಸುವುದು ಸದ್ದೇ. ಹಾಗಿದ್ದರೆ ಕೂಗಲಿ ಬಿಡಿ, ಸುಳ್ಳು ಕೂಗಿನಿಂದ ನಷ್ಟವೇನು ಎನ್ನುವವರೂ ಇದ್ದಾರೆ. ನಷ್ಟ ದೊಡ್ಡದು. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದಿನ ಮಿತಿ 45 ಡೆಸಿಬೆಲ್ ಎಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಆಸ್ಪತ್ರೆಯ ಸುತ್ತಲಿನ ನಿಶ್ಶಬ್ದ ವಲಯದಲ್ಲಿ 40. ಒಂದು ಮೀಟರ್ ದೂರದಲ್ಲಿ 110 ಡೆಸಿಬೆಲ್ ಕೂಗುವ ಸೈರನ್ ಬಯಲಿನಲ್ಲಿ 10 ಮೀಟರ್ ಆಚೆಗೂ 90 ಇರುತ್ತದೆ. ಸಯನ್ ಆಸ್ಪತ್ರೆಯ ಅಕ್ಕಪಕ್ಕದ ಓಣಿಗಳಲ್ಲಿ ಇದು ರೋಗಿಗಳಿಗೆ ಕೊಡುವ ಹಿಂಸೆ. ಅದಕ್ಕೂ ಮಿಗಿಲಾಗಿ, ನಾಲ್ಕು ಸಲ ಸುಳ್ಳಾದ ಕೂಗಿಗೆ ಐದನೆಯ ಸಲ ಯಾರೂ ಬಾಗಿಲು ತೆರೆದು ನೋಡುವುದಿಲ್ಲ. ಆ ಐದನೆಯ ಸಲ ಕಳ್ಳ ನಿಜವಾಗಿಯೇ ಬಂದಿರಬಹುದು.

ಸಯನ್, ಮಾಟುಂಗಾದ ಕನ್ನಡ, ತುಳು ಮನೆಗಳು ಮೇ ತಿಂಗಳಲ್ಲಿ ಬೀಗ ಹಾಕಿಕೊಂಡು ಊರಿಗೆ ಹೊರಡುತ್ತವೆ; ಮರಳುವ ಹೊತ್ತಿಗೆ ಮಳೆ ಹಿಡಿದಿರುತ್ತದೆ. ಹೊರಡುವ ಮೊದಲು ಒಂದು ದಿನ ಕರೆಂಟು ತೆಗೆದು ಬ್ಯಾಟರಿಯನ್ನು ಪರೀಕ್ಷಿಸಿ, ಹೊಸದು ಹಾಕಿದರೆ ಅದರ ಮೇಲೆ ತಾರೀಕು ಬರೆಯಿರಿ, ಹಳೆಯದನ್ನು ಕಸಕ್ಕೆ ಹಾಕದೆ ಅಂಗಡಿಗೇ ಮರಳಿಸಿ. ಸೈರನ್ ಎಷ್ಟು ನಿಮಿಷ ಕೂಗಬೇಕೆಂಬ ಮಿತಿಯನ್ನು ಪ್ಯಾನೆಲ್‌ನಲ್ಲಿ ಹಾಕಿಸಿ. ನಂಬಿಕೆಯ ನೆರೆಮನೆಯವರೊಬ್ಬರಿಗೆ ಬೀಗದ ಕೈಯನ್ನೂ ಕೋಡನ್ನೂ ಕೊಟ್ಟೇ ರೈಲು ಹತ್ತಿ.