ಸ್ಪಿಂಡಲ್ ಆಯ್ಕೆ: ವಾಟ್ ಒಂದನ್ನೇ ನಂಬಿದರೆ ಸಾಲದು

ಸಿಎನ್‌ಸಿ ರೌಟರಿನಲ್ಲಿ ಬಿಟ್ ಹಿಡಿದು ತಿರುಗಿಸುವ ಮೋಟಾರೇ ಸ್ಪಿಂಡಲ್. ಅದನ್ನು ಹಲಗೆಯ ಮೇಲೆ ಎಡಬಲಕ್ಕೆ, ಹಿಂದೆಮುಂದೆ, ಮೇಲೆ ಕೆಳಗೆ ಒಯ್ಯುವ ಕೆಲಸ ಬೇರೆ ಮೋಟಾರುಗಳದು. ಬಣ್ಣದ ತೊಟ್ಟಿಲಿಗೆ ಹೆಸರಾದ ಕಲಘಟಗಿಯಂಥ ಊರಿನಲ್ಲಿ ಸಾಗವಾನಿ ಪಟ್ಟಿಯ ಮೇಲೆ ಬಳ್ಳಿ ಕೆತ್ತಲು, ಬಾಗಿಲಿಗೆ ಹೆಸರು ಕೊರೆಯಲು ಪಡಸಾಲೆಯಲ್ಲಿ ಹಿಡಿಸುವ ಸಣ್ಣ ಯಂತ್ರ ಸಾಕು. ಅದಕ್ಕೆ ಸ್ಪಿಂಡಲ್ ಕೊಳ್ಳುವಾಗ ಕಿವಿಗೆ ಬೀಳುವ ಮಾತುಗಳಲ್ಲಿ ಕೆಲವು ಅರ್ಧ ಸತ್ಯ, ಒಂದಂತೂ ಅಪಾಯಕಾರಿ.

ವಾಟ್ ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬುದು ಮೊದಲ ತಪ್ಪು ಕಲ್ಪನೆ. 2.2 ಕಿಲೋವಾಟಿನ ಸ್ಪಿಂಡಲ್ ಸುಮಾರು 5 ಕಿಲೋ ತೂಗುತ್ತದೆ. ತೆಳ್ಳನೆಯ ಅಲ್ಯುಮಿನಿಯಂ ಚೌಕಟ್ಟಿಗೆ ಅದನ್ನು ಕಟ್ಟಿದರೆ ಮೋಟಾರು ದಣಿಯುವ ಮೊದಲೇ ಚೌಕಟ್ಟು ಅದುರುತ್ತದೆ, ಕೆತ್ತನೆಯ ಅಂಚಿನಲ್ಲಿ ಅಲೆ ಮೂಡುತ್ತದೆ. 3 ಮಿಲಿಮೀಟರ್ ಬಿಟ್‌ನ ನಯ ಕೆತ್ತನೆಗೆ 500ರಿಂದ 800 ವಾಟ್ ಸಾಕು. 6 ಮಿಲಿಮೀಟರ್ ಬಿಟ್ ಹಾಕಿ ಸಾಗವಾನಿ ಕೊರೆಯುವವರಿಗೆ, ಚೌಕಟ್ಟು ಗಟ್ಟಿಯಿದ್ದರೆ, 1.5 ಕಿಲೋವಾಟ್ ಧಾರಾಳವಾಯಿತು.

ವೇಗ ಹೆಚ್ಚಿಸಿದರೆ ಕೆತ್ತನೆ ನಯವಾಗುತ್ತದೆ ಎಂಬ ನಂಬಿಕೆಯೂ ಇದೆ. ಲೆಕ್ಕ ಹಾಕಿ ನೋಡಬೇಕು. ಎರಡು ಅಲಗಿನ ಬಿಟ್ ನಿಮಿಷಕ್ಕೆ 18,000 ಸುತ್ತು ತಿರುಗಿ 1,800 ಮಿಲಿಮೀಟರ್ ಮುಂದೆ ಸಾಗಿದರೆ ಒಂದೊಂದು ಅಲಗು 0.05 ಮಿಲಿಮೀಟರ್ ಕಟ್ಟಿಗೆ ಕಚ್ಚುತ್ತದೆ. ಸುತ್ತು 24,000ಕ್ಕೇರಿಸಿ ಸಾಗುವ ವೇಗವನ್ನು 600ಕ್ಕಿಳಿಸಿದರೆ ಅಲಗಿನ ಪಾಲು 0.0125. ಅಷ್ಟು ತೆಳುವಾದರೆ ಅಲಗು ಕಚ್ಚುವುದಿಲ್ಲ, ಉಜ್ಜುತ್ತದೆ. ಅಂಚು ಕಪ್ಪಾಗುತ್ತದೆ, ಸುಟ್ಟ ವಾಸನೆ ಬರುತ್ತದೆ, ಬಿಟ್ ಬೇಗ ಮೊಂಡಾಗುತ್ತದೆ. ಉದುರಿದ್ದನ್ನು ಎರಡು ಬೆರಳಲ್ಲಿ ತಿಕ್ಕಿದರೆ ಸಂಗತಿ ಗೊತ್ತಾಗುತ್ತದೆ: ರವೆಯಂತೆ ತರಿತರಿಯಿದ್ದರೆ ಕೆಲಸ ಸರಿ, ಮೈದಾದಂತೆ ನುಣ್ಣಗಿದ್ದರೆ ಬಿಟ್ ಉಜ್ಜುತ್ತಿದೆ. ಹಾಗೆಂದು ಸುತ್ತನ್ನು ತೀರ ಇಳಿಸಿದರೂ ಕೆಲಸ ಕೆಡುತ್ತದೆ. 24,000 ಸುತ್ತಿನಲ್ಲಿ 1.5 ಕಿಲೋವಾಟ್ ಕೊಡುವ ಸ್ಪಿಂಡಲ್ 8,000 ಸುತ್ತಿನಲ್ಲಿ ಕೊಡುವುದು ಸುಮಾರು 500 ವಾಟ್ ಮಾತ್ರ.

ತ್ರೀ ಫೇಸ್ ಸ್ಪಿಂಡಲ್‌ಗೆ ತ್ರೀ ಫೇಸ್ ಕರೆಂಟೇ ಬೇಕು ಎಂಬ ಕಲ್ಪನೆ ಹಳ್ಳಿಯ ಕಡೆ ಬಲವಾಗಿದೆ. ಪಂಪ್‌ಸೆಟ್ ಲೈನಿನಲ್ಲಿ ತ್ರೀ ಫೇಸ್ ಬರುವುದು ದಿನಕ್ಕೆ ಕೆಲವೇ ತಾಸು. ಹಾಗೆಂದು ಸ್ಪಿಂಡಲಿನ ಆಸೆಯನ್ನೇ ಕೈಬಿಡಬೇಕಿಲ್ಲ. ವಿಎಫ್‌ಡಿ ಎಂಬ ಡ್ರೈವ್ ಮನೆಯ 230 ವೋಲ್ಟ್ ಸಿಂಗಲ್ ಫೇಸ್ ತೆಗೆದುಕೊಂಡು ಸ್ಪಿಂಡಲ್‌ಗೆ ಬೇಕಾದ ತ್ರೀ ಫೇಸನ್ನು ತಾನೇ ತಯಾರಿಸುತ್ತದೆ. ಸಿಂಗಲ್ ಫೇಸ್ ಇನ್‌ಪುಟ್‌ನ ಡ್ರೈವ್ ನೋಡಿ ಕೊಂಡು, 16 ಆಂಪಿಯರಿನ ಬೇರೆ ಪಾಯಿಂಟ್ ಎಳೆಸಿಕೊಂಡರಾಯಿತು. ಸಂಜೆ ವೋಲ್ಟೇಜ್ ಬಿದ್ದಾಗ ಡ್ರೈವ್ ನಿಂತುಹೋದರೆ ಅದು ಸ್ಪಿಂಡಲಿನ ದೋಷವಲ್ಲ.

ಸ್ಪಿಂಡಲನ್ನು ಪಂಪ್‌ಸೆಟ್ಟಿನ ಸ್ಟಾರ್ಟರಿಗೆ ನೇರವಾಗಿ ಜೋಡಿಸುವುದನ್ನು ಮಾತ್ರ ಎಂದೂ ಮಾಡಬಾರದು. 220 ವೋಲ್ಟಿನ ಇಂಥ ಸ್ಪಿಂಡಲಿನ ವೈಂಡಿಂಗ್ ಸುತ್ತಿರುವುದು 400 ಹರ್ಟ್ಸ್‌ಗೆ. ಪಂಪ್‌ಸೆಟ್ ಲೈನಿನಲ್ಲಿರುವುದು 415 ವೋಲ್ಟ್, 50 ಹರ್ಟ್ಸ್. ನೋಡನೋಡುತ್ತಲೇ ವೈಂಡಿಂಗ್ ಸುಟ್ಟುಹೋಗುತ್ತದೆ. ಹೊಸ ವಿಎಫ್‌ಡಿಯಲ್ಲೂ ಇದೇ ಅಪಾಯ ಅಡಗಿದೆ: ಎಷ್ಟೋ ಡ್ರೈವ್‌ಗಳು 50 ಹರ್ಟ್ಸ್‌ಗೇ ಹೊಂದಿಸಿಕೊಂಡು ಬರುತ್ತವೆ. ಮೊದಲ ಸಲ ತಿರುಗಿಸುವ ಮುನ್ನವೇ ಬೇಸ್ ಫ್ರೀಕ್ವೆನ್ಸಿ 400, ವೋಲ್ಟ್ 220 ಎಂದು ಬದಲಿಸಬೇಕು. ಅಗ್ಗದ ಸ್ಪಿಂಡಲ್‌ಗಳಲ್ಲಿ ಅರ್ಥಿಂಗಿನ ಪಿನ್ ಮೈಗೆ ತಾಗಿಯೇ ಇರದಿರುವುದುಂಟು. ಕರೆಂಟು ಕೊಡುವ ಮೊದಲೇ ಮಲ್ಟಿಮೀಟರಿನಿಂದ ನೋಡಿ, ಇಲ್ಲದಿದ್ದರೆ ಹೊರಮೈಗೆ ಅರ್ಥ್ ವೈರ್ ಕೊಡಿಸಬೇಕು.

ನೀರು ತಂಪಿನ ಸ್ಪಿಂಡಲೇ ಶ್ರೇಷ್ಠ ಎನ್ನುವವರಿದ್ದಾರೆ. ಸದ್ದು ಕಡಿಮೆ, ನಿಜ. ಆದರೆ ನವಲಗುಂದ, ಅಣ್ಣಿಗೇರಿ ಕಡೆಯ ಸವಳು ಬೋರ್ ನೀರನ್ನು ಬಕೆಟ್ಟಿಗೆ ತುಂಬಿ ಓಡಿಸಿದರೆ ಒಳದಾರಿಯಲ್ಲಿ ಉಪ್ಪು ಕಟ್ಟುತ್ತದೆ, ತುಕ್ಕು ಹಿಡಿಯುತ್ತದೆ. ಡಿಸ್ಟಿಲ್ಡ್ ವಾಟರಿಗೆ ಕೂಲಂಟ್ ಬೆರೆಸಿ ಹಾಕಬೇಕು, ಪಂಪ್ ನಿಂತದ್ದನ್ನು ಕೂಡಲೇ ಗಮನಿಸಬೇಕು. ಇಷ್ಟು ನಿಗಾ ಆಗದವರಿಗೆ ಗಾಳಿ ತಂಪಿನದೇ ವಾಸಿ. ಅದರ ಫ್ಯಾನ್ ಶಾಫ್ಟಿಗೇ ಕೂತಿದ್ದರೆ ಸುತ್ತು ಇಳಿಸಿದಾಗ ತಂಪೂ ಇಳಿಯುತ್ತದೆ ಎಂಬುದು ನೆನಪಿರಬೇಕು.

ಬಡಿಗರ ಕೈ ರೌಟರನ್ನೇ ಸ್ಪಿಂಡಲ್ ಮಾಡಿಕೊಂಡರೆ ಕೆಲಸ ಕೆಡುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ಸುಮಾರು 700 ವಾಟಿನ ಟ್ರಿಮ್ಮರ್ ಕಲಿಯುವವರಿಗೆ ಒಳ್ಳೆಯ ಆರಂಭ. ಸದ್ದು ಹೆಚ್ಚು, ಕಾರ್ಬನ್ ಬ್ರಷ್ ಸವೆಯುತ್ತದೆ, ಅಷ್ಟೆ.

ಬಿಟ್ ಓಲಾಡಿದರೆ ಸ್ಪಿಂಡಲ್ ಕೆಟ್ಟಿತೆಂದು ತೀರ್ಮಾನಿಸುವುದು ಆತುರ. ತಪ್ಪು ಹಲವು ಸಲ ಬಿಟ್ಟನ್ನು ಬಿಗಿಹಿಡಿಯುವ ಸೀಳು ಬಳೆಯಾದ ಕೊಲೆಟ್‌ನಲ್ಲಿರುತ್ತದೆ. ಇಆರ್11 ಕೊಲೆಟ್ 7 ಮಿಲಿಮೀಟರ್‌ವರೆಗಿನ, ಇಆರ್20 ಕೊಲೆಟ್ 13 ಮಿಲಿಮೀಟರ್‌ವರೆಗಿನ ಬಿಟ್ ಹಿಡಿಯುತ್ತದೆ. ಅದರ ಸೀಳಿನಲ್ಲಿ ಕಟ್ಟಿಗೆ ಪುಡಿ ಕೂತು ಬಿಟ್ 0.05 ಮಿಲಿಮೀಟರ್ ಓಲಾಡಿದರೂ ಒಂದು ಅಲಗಿನ ಪಾಲಿನಷ್ಟಾಯಿತು: ಒಂದೇ ಅಲಗು ಕಚ್ಚುತ್ತದೆ, ಇನ್ನೊಂದು ಸುಮ್ಮನೆ ತಿರುಗುತ್ತದೆ. ಕೊಲೆಟ್ ಬಿಚ್ಚಿ ಬ್ರಷ್‌ನಿಂದ ಉಜ್ಜಿ, ಮೊದಲು ನಟ್ಟಿನೊಳಗೆ ಕ್ಲಿಕ್ಕೆಂದು ಕೂರಿಸಿ, ಆಮೇಲೆ ಶಾಫ್ಟಿಗೆ ಬಿಗಿದು ಡಯಲ್ ಗೇಜಿನಿಂದ ಅಳೆಯಬೇಕು. ಒಳ್ಳೆಯ ಹೊಸ ಕೊಲೆಟ್, ಹೊಸ ಬಿಟ್ ಹಾಕಿದ ಮೇಲೂ ಓಲಾಟ ಉಳಿದರೆ ಆಗ ಬೇರಿಂಗ್ ಬಿಚ್ಚಿ ನೋಡಬಹುದು.