ಎರಡನೆಯ ಹೆಸರು, ಮೊದಲನೆಯ ಕುರ್ಚಿ

1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ದೇಶದಲ್ಲಿ ತುರ್ತು ಪರಿಸ್ಥಿತಿ ಇನ್ನೂ ಜಾರಿಯಲ್ಲಿತ್ತು. ಲೋಕಸಭೆ ಚುನಾವಣೆ ಘೋಷಣೆಯಾಗಿ ತಿಂಗಳೂ ತುಂಬಿರಲಿಲ್ಲ. ಅಂಥ ಹೊತ್ತಿನಲ್ಲಿ ರಾಷ್ಟ್ರಪತಿಯ ಹೊಣೆ ಬಂದು ಬಿದ್ದದ್ದು ಉಪರಾಷ್ಟ್ರಪತಿಯಾಗಿದ್ದ, ಸಾವಳಗಿಯ ಬಸಪ್ಪ ದಾನಪ್ಪ ಜತ್ತಿಯವರ ಹೆಗಲಿಗೆ. ಹೊನವಾಡ, ತಿಕೋಟಾ, ಬಬಲೇಶ್ವರದ ಜನಕ್ಕೆ ಸಾವಳಗಿ ದೂರದ ಊರಲ್ಲ. ಸಾವಳಗಿ ಇರುವ, ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿರುವ ಜಮಖಂಡಿ ತಾಲ್ಲೂಕು ಆಗ ಈ ಊರುಗಳಂತೆ ಬಿಜಾಪುರ ಜಿಲ್ಲೆಯಲ್ಲೇ ಇತ್ತು.

ಜತ್ತಿಯವರು ಉಪರಾಷ್ಟ್ರಪತಿಯಾದದ್ದು 1974ರ ಆಗಸ್ಟ್‌ನಲ್ಲಿ. ಅದೇ ತಿಂಗಳು ಫಕ್ರುದ್ದೀನ್ ಅವರು ರಾಷ್ಟ್ರಪತಿ ಚುನಾವಣೆಯಲ್ಲಿ ತ್ರಿದಿಬ್ ಚೌಧುರಿಯವರನ್ನು ಸೋಲಿಸಿದ್ದರು. ಆ ಬೆನ್ನಿಗೇ ನಡೆದ ಉಪರಾಷ್ಟ್ರಪತಿ ಚುನಾವಣೆಯಲ್ಲಿ ಜತ್ತಿಯವರಿಗೆ 521 ಮತ, ಎದುರಾಳಿ ನಿರಲ್ ಎನೆಮ್ ಹೋರೊ ಅವರಿಗೆ 141. ಒಬ್ಬರು ಅಸ್ಸಾಮಿನ ಮುಸ್ಲಿಂ ನಾಯಕ, ಇನ್ನೊಬ್ಬರು ಕನ್ನಡ ನಾಡಿನ ಲಿಂಗಾಯತ ನಾಯಕ. ಕಾಗದದ ಮೇಲೆ ಇವು ಎರಡು ಬೇರೆ ಚುನಾವಣೆಗಳು. ಆದರೆ ಹೆಸರು ಆರಿಸುವ ಪಕ್ಷ ಒಂದೇ ಆದಾಗ, ಮೊದಲ ಹೆಸರಿನಲ್ಲಿ ಇಲ್ಲದ್ದನ್ನು ಎರಡನೆಯ ಹೆಸರಿನಲ್ಲಿ ಹುಡುಕುವುದು ರಾಜಕೀಯದ ಹಳೆಯ ರೂಢಿ. ಬಿಹಾರದ ರಾಜೇಂದ್ರ ಪ್ರಸಾದರ ಜೊತೆ ದಕ್ಷಿಣದ ರಾಧಾಕೃಷ್ಣನ್ ಇದ್ದ ಕಾಲದಿಂದಲೂ ಇದು ಕಾಣುತ್ತದೆ.

ಅಮೆರಿಕದಲ್ಲಿ ಈ ಜೋಡಿ ಕಾಗದದ ಮೇಲೂ ಜೋಡಿಯೇ. ಅಧ್ಯಕ್ಷ ಅಭ್ಯರ್ಥಿ ತನ್ನ ಜೊತೆಗಾರನನ್ನು ತಾನೇ ಆರಿಸುತ್ತಾನೆ, ಪಕ್ಷದ ಮಹಾಧಿವೇಶನ ಒಪ್ಪಿಗೆ ಹಾಕುತ್ತದೆ, ಮತದಾರ ಇಬ್ಬರಿಗೂ ಸೇರಿಸಿ ಒಂದೇ ಮತ ಕೊಡುತ್ತಾನೆ. ಮೊದಲು ಹೀಗಿರಲಿಲ್ಲ. ಅಧ್ಯಕ್ಷರನ್ನು ಆರಿಸುವ ಚುನಾಯಕರಿಂದ ಹೆಚ್ಚು ಮತ ಬಂದವರು ಅಧ್ಯಕ್ಷ, ಎರಡನೆಯವರು ಉಪಾಧ್ಯಕ್ಷ ಎಂಬ ನಿಯಮವಿತ್ತು. ಅದರಿಂದ 1796ರಲ್ಲಿ ಅಧ್ಯಕ್ಷ ಜಾನ್ ಆಡಮ್ಸ್ ಅವರಿಗೆ ಎದುರಾಳಿ ಜೆಫರ್ಸನ್ ಅವರೇ ಉಪಾಧ್ಯಕ್ಷರಾಗಿ ಬಂದರು. 1800ರಲ್ಲಿ ಒಂದೇ ಪಕ್ಷದ ಜೆಫರ್ಸನ್ ಮತ್ತು ಆರನ್ ಬರ್ ಇಬ್ಬರಿಗೂ 73 ಮತ ಬಿದ್ದು, ಜನಪ್ರತಿನಿಧಿ ಸಭೆ 36 ಸಲ ಮತ ಹಾಕಿದ ಮೇಲೆ ಗಂಟು ಬಿಚ್ಚಿತು. 1804ರಲ್ಲಿ ಸಂವಿಧಾನವನ್ನೇ ತಿದ್ದಿ, ಚುನಾಯಕರು ಎರಡು ಹುದ್ದೆಗೆ ಬೇರೆ ಬೇರೆ ಮತ ಹಾಕಬೇಕು ಎಂದು ಮಾಡಿದರು.

ಅಲ್ಲಿಯೂ ಲೆಕ್ಕಾಚಾರ ನಡೆಯುವುದು ಪ್ರಾಂತ್ಯ, ಸಮುದಾಯ, ವಯಸ್ಸು, ಅನುಭವಗಳ ಮೇಲೆ. 1960ರಲ್ಲಿ ಮ್ಯಾಸಚೂಸೆಟ್ಸ್‌ನ ಯುವಕ ಕೆನಡಿ ಆರಿಸಿಕೊಂಡದ್ದು ಟೆಕ್ಸಾಸ್‌ನ ಅನುಭವಿ ಲಿಂಡನ್ ಜಾನ್ಸನ್ ಅವರನ್ನು. ಆ ದೊಡ್ಡ ದಕ್ಷಿಣ ರಾಜ್ಯ ಕೆನಡಿ ಪಾಲಿಗೆ ಬಂತು. ಮೂರು ವರ್ಷಕ್ಕೆ ಕೆನಡಿ ಹತ್ಯೆಯಾಗಿ, ಮತಕ್ಕೆಂದು ಕರೆತಂದವರೇ ದೇಶ ಆಳಬೇಕಾಯಿತು. ಆತುರದ ಆಯ್ಕೆಯೂ ಉಂಟು: 1972ರಲ್ಲಿ ಅಧ್ಯಕ್ಷ ಅಭ್ಯರ್ಥಿ ಮೆಕ್‌ಗವರ್ನ್ ಆರಿಸಿದ ಥಾಮಸ್ ಈಗಲ್ಟನ್, ಹಿಂದೆ ಖಿನ್ನತೆಗೆ ಚಿಕಿತ್ಸೆ ಪಡೆದ ವಿಷಯ ಹೊರಬಿದ್ದು, ಮೂರು ವಾರದೊಳಗೆ ಕಣದಿಂದ ಹಿಂದೆ ಸರಿದರು. ಅಮೆರಿಕದಲ್ಲಿ ಈವರೆಗೆ ಒಂಬತ್ತು ಉಪಾಧ್ಯಕ್ಷರು ಅವಧಿಯ ನಡುವೆಯೇ ಅಧ್ಯಕ್ಷರಾಗಿದ್ದಾರೆ. ಎಂಟು ಸಲ ಸಾವಿನಿಂದ, ಒಂದು ಸಲ ನಿಕ್ಸನ್ ರಾಜೀನಾಮೆಯಿಂದ. ಟ್ರೂಮನ್ ಉಪಾಧ್ಯಕ್ಷರಾಗಿದ್ದು ಕೇವಲ 82 ದಿನ. ಅಷ್ಟರಲ್ಲಿ ರೂಸ್‌ವೆಲ್ಟ್ ತೀರಿಕೊಂಡು ಮಹಾಯುದ್ಧದ ಕೊನೆಯ ನಿರ್ಧಾರಗಳು ಅವರ ಮೇಜಿಗೆ ಬಂದವು.

ನಮ್ಮಲ್ಲಿ ರಾಷ್ಟ್ರಪತಿ ಆಳುವುದಿಲ್ಲ, ನಿಜ. ಹಾಗೆಂದು ಎರಡನೆಯ ಸ್ಥಾನ ಹಗುರವಲ್ಲ ಎಂಬುದಕ್ಕೆ ಜತ್ತಿಯವರ ಐದೂವರೆ ತಿಂಗಳೇ ಸಾಕ್ಷಿ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿಯ ಘೋಷಣೆಗೆ ರುಜು ಹಾಕಿದವರು ಫಕ್ರುದ್ದೀನ್. 1977ರ ಮಾರ್ಚ್ 21ರಂದು ಅದು ರದ್ದಾದಾಗ ರಾಷ್ಟ್ರಪತಿಯ ಸ್ಥಾನದಲ್ಲಿದ್ದವರು ಜತ್ತಿ. ಮೂರು ದಿನದ ಬಳಿಕ, ಕೇಂದ್ರದ ಮೊದಲ ಕಾಂಗ್ರೆಸ್ಸೇತರ ಪ್ರಧಾನಿ ಮೊರಾರ್ಜಿ ದೇಸಾಯಿಯವರಿಗೆ ಪ್ರಮಾಣವಚನ ಬೋಧಿಸಿದವರೂ ಅವರೇ.

ಬಿಕ್ಕಟ್ಟು ಬಂದದ್ದು ಏಪ್ರಿಲ್ ಕೊನೆಗೆ. ಕಾಂಗ್ರೆಸ್ ಅಧಿಕಾರದಲ್ಲಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸಬೇಕೆಂದು ದೇಸಾಯಿಯವರ ಜನತಾ ಸರ್ಕಾರ ಶಿಫಾರಸು ಮಾಡಿತು. ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋಗಿ ಸೋತಿದ್ದವು. ಆದರೂ ಜತ್ತಿ ತಕ್ಷಣ ರುಜು ಹಾಕಲಿಲ್ಲ. ತಮ್ಮನ್ನು ಆರಿಸಿದ ಪಕ್ಷದ ಋಣ ತೀರಿಸುತ್ತಿದ್ದಾರೆಂದು ಟೀಕೆ ಎದ್ದಿತು. ಒಡಿಶಾ ರಾಜ್ಯಪಾಲರಾಗಿದ್ದಾಗ, 1973ರಲ್ಲಿ, ಪ್ರತಿಪಕ್ಷದ ಬಿಜು ಪಟ್ನಾಯಕ್ ತಮಗೆ ಬಹುಮತವಿದೆ ಎಂದರೂ ಅವರನ್ನು ಕರೆಯದೆ ರಾಷ್ಟ್ರಪತಿ ಆಳ್ವಿಕೆಗೆ ಶಿಫಾರಸು ಮಾಡಿದ್ದವರು ಇವರೇ ಎಂಬುದನ್ನೂ ಮರೆಯುವಂತಿಲ್ಲ. ಆದರೆ ಒಂಬತ್ತು ಶಾಸನಸಭೆಗಳನ್ನು ಒಂದೇ ಪೆಟ್ಟಿಗೆ ಮುಗಿಸುವ ಕಾಗದವನ್ನು ನಿಂತು ಓದುವುದು ತಪ್ಪಲ್ಲ. ಏಪ್ರಿಲ್ 30ರಂದು ಅವರು ರುಜು ಹಾಕಿದರು, ಸಂಪುಟದ ಸಲಹೆಯನ್ನು ಮೀರಲಿಲ್ಲ. ಜುಲೈ 25ರಂದು ನೀಲಂ ಸಂಜೀವ ರೆಡ್ಡಿಯವರಿಗೆ ಹೊಣೆ ಒಪ್ಪಿಸಿ ಉಪರಾಷ್ಟ್ರಪತಿ ಸ್ಥಾನಕ್ಕೆ ಮರಳಿ, 1979ರ ಆಗಸ್ಟ್‌ವರೆಗೆ ಅವಧಿ ಮುಗಿಸಿದರು.

ಇಷ್ಟು ಭಾರ ಹೊರಲು ಅವರಿಗೆ ನೆರವಾದದ್ದು ಹಿಂದಿನ ಅನುಭವ. ಬಿಜಾಪುರದಲ್ಲಿ ಹೈಸ್ಕೂಲು, ಕೊಲ್ಹಾಪುರದಲ್ಲಿ ಕಾನೂನು ಓದಿ, ಜಮಖಂಡಿಯಲ್ಲಿ ವಕೀಲಿ ಮಾಡಿದವರು. ಪುರಸಭೆ ಸದಸ್ಯತ್ವದಿಂದ ಶುರುವಾಗಿ ಜಮಖಂಡಿ ಸಂಸ್ಥಾನದ ದಿವಾನಗಿರಿ, ಮುಂಬೈ ವಿಧಾನಸಭೆ, 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ ಪದವಿ, ಪಾಂಡಿಚೇರಿಯ ಉಪರಾಜ್ಯಪಾಲ ಹುದ್ದೆ. 1964ರಲ್ಲಿ ಬೆಂಗಳೂರಿನಲ್ಲಿ ಬಸವ ಸಮಿತಿ ಕಟ್ಟಿದವರೂ ಇವರೇ. ಜಾತಿ, ಪ್ರಾಂತ್ಯದ ಲೆಕ್ಕದಲ್ಲಿ ಹೆಸರು ಬಂದಿರಬಹುದು. ಕೆಲಸ ನಡೆಸಿದ್ದು ಮಾತ್ರ ಈ ಅನುಭವ.

ನಮ್ಮಲ್ಲಿ ಜೋಡಿ ಎಷ್ಟು ಸಡಿಲ ಎಂಬುದು 2022ರಲ್ಲಿ ಕನ್ನಡ ನಾಡಿನ ಇನ್ನೊಬ್ಬರ ಅನುಭವಕ್ಕೆ ಬಂತು. ಪ್ರತಿಪಕ್ಷಗಳು ರಾಷ್ಟ್ರಪತಿ ಸ್ಥಾನಕ್ಕೆ ಯಶವಂತ ಸಿನ್ಹಾ, ಉಪರಾಷ್ಟ್ರಪತಿ ಸ್ಥಾನಕ್ಕೆ ಮಂಗಳೂರಿನ ಮಾರ್ಗರೆಟ್ ಆಳ್ವ ಅವರನ್ನು ನಿಲ್ಲಿಸಿದ್ದವು. ಸಿನ್ಹಾ ಅವರಿಗೆ ಮತ ಹಾಕಿದ ತೃಣಮೂಲ ಕಾಂಗ್ರೆಸ್, ತಮ್ಮನ್ನು ಕೇಳದೆ ಹೆಸರು ತೀರ್ಮಾನಿಸಿದರೆಂದು ಆಳ್ವ ಅವರ ಚುನಾವಣೆಯಿಂದ ದೂರ ಉಳಿಯಿತು. ಜಗದೀಪ್ ಧನಕರ್ 528 ಮತ ಪಡೆದರು, ಆಳ್ವ 182. 

ಹೊನವಾಡದ ಮತದಾರ ಈ ಎರಡೂ ಚುನಾವಣೆಗೆ ನೇರವಾಗಿ ಮತ ಹಾಕುವುದಿಲ್ಲ. ಅವರ ಶಾಸಕರಿಗೆ ರಾಷ್ಟ್ರಪತಿ ಚುನಾವಣೆಯಲ್ಲಿ ಮತವಿದೆ. ಕರ್ನಾಟಕದ ಒಬ್ಬ ಶಾಸಕರ ಮತದ ಮೌಲ್ಯ 131. ಉಪರಾಷ್ಟ್ರಪತಿ ಚುನಾವಣೆಯಲ್ಲಿ ಶಾಸಕರಿಗೆ ಮತವೇ ಇಲ್ಲ, ಸಂಸದರಿಗಷ್ಟೇ. ಹಾಗಾಗಿ ಮುಂದಿನ ಸಲ ಉಪರಾಷ್ಟ್ರಪತಿ ಹೆಸರು ಹೊರಬಿದ್ದಾಗ, ಇವರು ಯಾವ ಸಮುದಾಯದವರು, ಯಾವ ರಾಜ್ಯದವರು ಎಂಬ ಚರ್ಚೆಗೆ ನಿಲ್ಲದೆ, ರಾಷ್ಟ್ರಪತಿಯ ಕುರ್ಚಿ ನಾಳೆಯೇ ಖಾಲಿಯಾದರೆ ಇವರು ಕೂರಬಲ್ಲರೇ ಎಂದು ನಿಮ್ಮ ಸಂಸದರನ್ನು ಕೇಳಿ.